ಸಂಶಯದ ಕಂಪ್ಯೂಟರಿಗೆ ಬೇರೆ ದೊಡ್ಡಿ

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವ ಭಾಗದಲ್ಲಿ, ಉಮದಿ, ಸಂಖ, ಮಾಡಗ್ಯಾಳದ ಸುತ್ತಮುತ್ತ, ಮನೆಮಾತು ಕನ್ನಡ, ಕಚೇರಿಯ ಭಾಷೆ ಮರಾಠಿ, ಕಂಪ್ಯೂಟರಿನ ಪರದೆಯ ಮೇಲಿನದು ಬಹುಪಾಲು ಇಂಗ್ಲಿಷು. ಹೊಲದ ಸಾತಬಾರಾ ಉತಾರ ತೆಗೆಯುವುದು, ಬೆಳೆವಿಮೆಗೆ ಅರ್ಜಿ ಹಾಕುವುದು, ಒಣದ್ರಾಕ್ಷಿಯ ಲೆಕ್ಕ ಇಡುವುದು, ಮಕ್ಕಳ ವಿದ್ಯಾರ್ಥಿವೇತನದ ಫಾರ್ಮು ತುಂಬುವುದು ಎಲ್ಲವೂ ಈಗ ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಂದೇ ಕಂಪ್ಯೂಟರಿನ ಮೇಲೆ ನಡೆಯುತ್ತವೆ. ಅದೇ ವೈಫೈಗೆ ಮನೆಯವರ ಮೊಬೈಲುಗಳು, ಪ್ರಿಂಟರು, ಟಿವಿ, ಬಾಗಿಲ ಮೇಲಿನ ಕ್ಯಾಮೆರಾ ಕೂಡ ಜೋಡಣೆಯಾಗಿರುತ್ತವೆ. ಇವೆಲ್ಲ ಸೇರಿ ಆಗುವುದೇ ಮನೆಯ ಜಾಲ, ಅಂದರೆ ಹೋಮ್ ನೆಟ್‌ವರ್ಕ್.

ಒಂದು ದಿನ ಆ ಕಂಪ್ಯೂಟರಿನ ನಡವಳಿಕೆ ಬದಲಾಗುತ್ತದೆ. ಏನೂ ಕೆಲಸ ಕೊಡದಿದ್ದರೂ ಫ್ಯಾನು ಜೋರಾಗಿ ತಿರುಗುತ್ತದೆ. ಆಂಟಿವೈರಸ್ ತಾನಾಗಿಯೇ ಬಂದಾಗಿರುತ್ತದೆ. ಬ್ಯಾಂಕಿನ ತಾಣ ತೆರೆದರೆ ಬೇರೆ ಯಾವುದೋ ಪುಟ ಬರುತ್ತದೆ. ಯಾರೂ ಕೇಳದ ಒಟಿಪಿ ಮೊಬೈಲಿಗೆ ಬರುತ್ತದೆ. ಇವುಗಳಲ್ಲಿ ಒಂದೊಂದಕ್ಕೂ ನಿರಪಾಯದ ಕಾರಣ ಇರಬಹುದು. ಆದರೆ ಕೆಲಸ ಶುರುವಾಗಲು ಸಂಶಯವಷ್ಟೇ ಸಾಕು, ಖಾತ್ರಿ ಬೇಕಿಲ್ಲ. ಮಾಡಗ್ಯಾಳ ಕುರಿಗೆ ಹೆಸರಾದ ಸೀಮೆ ಇದು. ಹಿಂಡಿನಲ್ಲಿ ಒಂದು ಕುರಿ ಮೇವು ಬಿಟ್ಟರೆ ಕುರಿಗಾರರು ರೋಗದ ಹೆಸರು ತಿಳಿಯುವವರೆಗೆ ಕಾಯುವುದಿಲ್ಲ. ಮೊದಲು ಅದನ್ನು ಬೇರೆ ಕಟ್ಟುತ್ತಾರೆ, ಆಮೇಲೆ ಪರೀಕ್ಷೆ. ಕಂಪ್ಯೂಟರಿನ ವಿಷಯದಲ್ಲೂ ಬಲ್ಲವರು ಮಾಡುವುದು ಇದನ್ನೇ. ಈ ಬೇರ್ಪಡಿಸುವಿಕೆ ಒಂದು ಕುಶಲ ಕೆಲಸ. ಅದರ ಹಂತಗಳನ್ನು ಒಂದೊಂದಾಗಿ ನೋಡೋಣ.

ಬೇರ್ಪಡಿಸುವುದು ಯಾಕೆ?

ಒಂದೇ ರೌಟರಿಗೆ ಸೇರಿದ ಯಂತ್ರಗಳು ಪರಸ್ಪರ ನಂಬಿಕೆಯಿಂದ ಇರುತ್ತವೆ. ಹೊರಗಿನ ಇಂಟರ್ನೆಟ್ಟಿನಿಂದ ಬರುವ ಅಪರಿಚಿತ ಕರೆಯನ್ನು ರೌಟರು ಸಾಮಾನ್ಯವಾಗಿ ತಡೆಯುತ್ತದೆ. ಆದರೆ ಮನೆಯೊಳಗಿನ ಯಂತ್ರವೊಂದು ಪಕ್ಕದ ಯಂತ್ರವನ್ನು ಕರೆದರೆ ತಡೆಯುವವರು ಯಾರೂ ಇರುವುದಿಲ್ಲ. ಪ್ರಿಂಟರಿಗೆ ಮುದ್ರಣ ಕಳಿಸಲು, ಟಿವಿಯಲ್ಲಿ ಮೊಬೈಲಿನ ಫೋಟೋ ನೋಡಲು ಈ ಸಲಿಗೆ ಬೇಕು. ವೈರಸ್ಸಿಗೂ ಇದೇ ದಾರಿ.

2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ವೈರಸ್ ಇದನ್ನು ಜಗತ್ತಿಗೇ ತೋರಿಸಿಕೊಟ್ಟಿತು. ವಿಂಡೋಸ್ ಯಂತ್ರಗಳು ತಮ್ಮೊಳಗೆ ಕಡತ ಹಂಚಿಕೊಳ್ಳಲು ಬಳಸುವ 445ನೆಯ ಪೋರ್ಟಿನ ಮೂಲಕ, ಯಾರೂ ಯಾವ ಕೊಂಡಿಯನ್ನೂ ಒತ್ತದೆಯೇ, ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳ ಕಡತಗಳಿಗೆ ಬೀಗ ಬಿತ್ತು. ಆ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು.

ಅದೇ ವರ್ಷ ಜೂನ್ 27ರಂದು ನಾಟ್‌ಪೆಟ್ಯಾ ಬಂತು. ಮೇರ್ಸ್ಕ್ ಎಂಬ ಹಡಗು ಕಂಪನಿಯ ಜಾಲವನ್ನೆಲ್ಲ ಅದು ಆವರಿಸಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುವ ಟರ್ಮಿನಲ್ಲಿನ ಕೆಲಸವೂ ನಿಂತಿತು. ಕಂಪನಿ 45,000 ಕಂಪ್ಯೂಟರುಗಳನ್ನೂ 4,000 ಸರ್ವರುಗಳನ್ನೂ ಹೊಸದಾಗಿ ಕಟ್ಟಬೇಕಾಯಿತು. ಹಾಗೆ ಕಟ್ಟಲು ಬೇಕಾಗಿದ್ದ ಒಂದು ಮುಖ್ಯ ಮಾಹಿತಿಯ ಪ್ರತಿ ಉಳಿದದ್ದು ಘಾನಾ ದೇಶದ ಕಚೇರಿಯ ಒಂದೇ ಒಂದು ಸರ್ವರಿನಲ್ಲಿ. ದಾಳಿ ಬರುವ ಮುಂಚೆಯೇ ಅಲ್ಲಿ ಕರೆಂಟು ಹೋಗಿತ್ತು, ಆ ಯಂತ್ರ ಜಾಲದಿಂದ ಹೊರಗಿತ್ತು. ಅಲ್ಲಿ ಅದೃಷ್ಟ ಮಾಡಿದ ಕೆಲಸವನ್ನು ಇಲ್ಲಿ ತಿಳಿದು ಮಾಡಬೇಕು.

ಮೊದಲ ಹೆಜ್ಜೆ: ಕೊಂಡಿ ಕಳಚುವುದು

ರೌಟರಿನಿಂದ ಕಂಪ್ಯೂಟರಿಗೆ ಬಂದ ದಪ್ಪ ಕೇಬಲ್ಲಿನ ತುದಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ತಲೆ, ಅದರ ಮೇಲೊಂದು ಸಣ್ಣ ನಾಲಿಗೆ ಇರುತ್ತದೆ. ನಾಲಿಗೆಯನ್ನು ಒತ್ತಿ ಹಿಡಿದು ಎಳೆದರೆ ಕೇಬಲ್ಲು ಬಿಡಿಸಿಕೊಳ್ಳುತ್ತದೆ, ಪಕ್ಕದಲ್ಲಿ ಮಿನುಗುತ್ತಿದ್ದ ಹಸಿರು ದೀಪ ಆರುತ್ತದೆ. ಇದಕ್ಕಿಂತ ಖಚಿತವಾದ ಸಾಧನ ಇಲ್ಲ. ಎಷ್ಟೇ ಚಾಣಾಕ್ಷ ವೈರಸ್ ಆದರೂ ಕಳಚಿದ ಕೇಬಲ್ಲಿನಲ್ಲಿ ಹರಿಯಲಾರದು.

ವೈಫೈ ವಿಷಯದಲ್ಲಿ ಇಷ್ಟು ಸುಲಭವಿಲ್ಲ. ಪರದೆಯ ಮೇಲೆ ವೈಫೈ ಆರಿಸಿದರೆ ಅದು ಆ ಕಂಪ್ಯೂಟರಿನ ತಂತ್ರಾಂಶದ ಮಾತು. ವೈರಸ್ಸಿನ ಹಿಡಿತದಲ್ಲಿರುವ ಯಂತ್ರ ಅದನ್ನು ಮತ್ತೆ ಹಚ್ಚಿಕೊಳ್ಳಬಹುದು. ಹಾಗಾಗಿ ಬಲ್ಲವರು ಎರಡೂ ಕಡೆಯಿಂದ ಕಟ್ಟು ಹಾಕುತ್ತಾರೆ. ಕಂಪ್ಯೂಟರಿನಲ್ಲಿ ವೈಫೈ, ಬ್ಲೂಟೂತ್ ಎರಡನ್ನೂ ಆರಿಸುತ್ತಾರೆ. ಯುಎಸ್‌ಬಿಗೆ ಸಿಕ್ಕಿಸಿದ ವೈಫೈ ತುಂಡು ಇದ್ದರೆ ಕಿತ್ತಿಡುತ್ತಾರೆ. ಬಳಿಕ ಮೊಬೈಲಿನಿಂದ ರೌಟರಿನೊಳಗೆ ಹೋಗಿ ವೈಫೈ ಪಾಸ್‌ವರ್ಡನ್ನೇ ಬದಲಿಸುತ್ತಾರೆ. ಹಳೆಯ ಪಾಸ್‌ವರ್ಡು ಆ ಯಂತ್ರದ ನೆನಪಿನಲ್ಲಿದೆ, ಪ್ರಾಯಶಃ ಬೇರೆಯವರ ಕೈಗೂ ಹೋಗಿದೆ.

ನಮ್ಮ ಹಳ್ಳಿಗಳಲ್ಲಿ ಮರೆತುಹೋಗುವ ಒಂದು ದಾರಿ ಮೊಬೈಲ್ ಹಾಟ್‌ಸ್ಪಾಟ್. ಫೈಬರ್ ಲೈನು ಕೈಕೊಟ್ಟಾಗ ಮನೆಯವರೆಲ್ಲ ಮೊಬೈಲಿನ ಡೇಟಾವನ್ನೇ ಕಂಪ್ಯೂಟರಿಗೆ ಕೊಟ್ಟಿರುತ್ತಾರೆ, ಕಂಪ್ಯೂಟರು ಆ ಹೆಸರನ್ನೂ ನೆನಪಿಟ್ಟುಕೊಂಡಿರುತ್ತದೆ. ಕೇಬಲ್ಲು ಕಿತ್ತ ಮೇಲೂ ಯಾರದೋ ಹಾಟ್‌ಸ್ಪಾಟ್ ತೆರೆದಿದ್ದರೆ ಯಂತ್ರ ಅದಕ್ಕೆ ತಾನಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲಿ ಎಲ್ಲರ ಹಾಟ್‌ಸ್ಪಾಟ್ ಬಂದು ಮಾಡಿಸುವುದೂ ಈ ಹೆಜ್ಜೆಯ ಭಾಗ. ಬ್ಯಾಕಪ್ಪಿಗೆಂದು ಇಟ್ಟ ಹಾರ್ಡ್ ಡಿಸ್ಕು, ಪೆನ್‌ಡ್ರೈವು ಸಿಕ್ಕಿಸಿದ್ದರೆ ಅವನ್ನೂ ತೆಗೆದು, ಮೇಲೆ ಚೀಟಿ ಅಂಟಿಸಿ, ಬೇರೆ ಯಾವ ಯಂತ್ರಕ್ಕೂ ಹಾಕದೆ ಪಕ್ಕಕ್ಕಿಡಬೇಕು.

ಕಂಪ್ಯೂಟರನ್ನು ಮಾತ್ರ ಆರಿಸುವುದಿಲ್ಲ. ಗಾಬರಿಯಲ್ಲಿ ಕೈ ಮೊದಲು ಹೋಗುವುದು ಸ್ವಿಚ್ಚಿಗೇ. ಆದರೆ ಏನು ನಡೆಯುತ್ತಿತ್ತು ಎಂಬುದರ ಕುರುಹು ಯಂತ್ರದ ರ್‍ಯಾಮಿನಲ್ಲಿ, ಅಂದರೆ ಕರೆಂಟು ಇರುವವರೆಗೆ ಮಾತ್ರ ಉಳಿಯುವ ನೆನಪಿನಲ್ಲಿ ಇರುತ್ತದೆ. ಆರಿಸಿದರೆ ಅದು ಅಳಿಯುತ್ತದೆ. ಹಣ ಹೋಗಿದ್ದರೆ, ಪೊಲೀಸರಿಗೆ ದೂರು ಕೊಡುವ ಪ್ರಸಂಗವಿದ್ದರೆ, ಆ ಕುರುಹಿಗೆ ಬೆಲೆ ಇದೆ. ಜಾಲದಿಂದ ಬಿಡಿಸಲು ಬೇರೆ ಯಾವ ದಾರಿಯೂ ಇಲ್ಲದಿದ್ದಾಗ, ಕಣ್ಣೆದುರೇ ಕಡತಗಳಿಗೆ ಒಂದಾದ ಮೇಲೊಂದು ಬೀಗ ಬೀಳುತ್ತಿರುವಾಗ ಮಾತ್ರ ಆರಿಸುವುದು ಸರಿ. ಪರದೆಯ ಮೇಲೆ ಬಂದದ್ದನ್ನು ಮೊಬೈಲಿನಲ್ಲಿ ಫೋಟೋ ಹಿಡಿದು, ಹೊತ್ತನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಮುಂದಿನ ಕೆಲಸ ಹಗುರವಾಗುತ್ತದೆ.

ಎರಡನೆಯ ಹೆಜ್ಜೆ: ಮನೆಯ ಉಳಿದ ಬಾಗಿಲು

ಬೇರ್ಪಟ್ಟ ಯಂತ್ರದ ಮೇಲೆ ಇನ್ನು ಯಾವ ಪಾಸ್‌ವರ್ಡನ್ನೂ ಒತ್ತುವಂತಿಲ್ಲ. ಕೀಲಿಮಣೆಯ ಪ್ರತಿ ಒತ್ತನ್ನೂ ದಾಖಲಿಸುವ ವೈರಸ್ಸುಗಳಿವೆ. ಮೊಬೈಲಿನ ವೈಫೈ ಆರಿಸಿ, ಅದರದೇ ಡೇಟಾದ ಮೇಲೆ ಈ ಕೆಲಸ ಮಾಡಬೇಕು. ಮೊದಲು ಇಮೇಲು, ಯಾಕೆಂದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡು ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಆಮೇಲೆ ಬ್ಯಾಂಕು, ಆಮೇಲೆ ಸರಕಾರಿ ಪೋರ್ಟಲ್ಲುಗಳು. ಪಾಸ್‌ವರ್ಡು ಬದಲಿಸಿದರೆ ಸಾಲದು. ‘ಎಲ್ಲ ಸಾಧನಗಳಿಂದ ಹೊರಬನ್ನಿ’ ಎಂಬ ಆಯ್ಕೆಯನ್ನೂ ಒತ್ತಬೇಕು. ಒಮ್ಮೆ ಒಳಗೆ ಹೋದ ಬ್ರೌಸರಿನ ಗುರುತುಚೀಟಿಯನ್ನು ಕದ್ದವರಿಗೆ ಪಾಸ್‌ವರ್ಡಿನ ಹಂಗೇ ಇರುವುದಿಲ್ಲ. ಹಣ ಹೋಗಿದ್ದರೆ ಇದೆಲ್ಲಕ್ಕಿಂತ ಮೊದಲು ಬ್ಯಾಂಕಿಗೆ ಮತ್ತು 1930ಕ್ಕೆ ಕರೆ. ಹಣ ಮುಂದಿನ ಖಾತೆಗಳಿಗೆ ದಾಟುವ ಮುಂಚೆ ಹಿಡಿದು ನಿಲ್ಲಿಸಲೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು.

ನಂತರ ರೌಟರಿನ ತಪಾಸಣೆ. ಮೊಬೈಲನ್ನು ಮತ್ತೆ ಮನೆಯ ವೈಫೈಗೆ ಸೇರಿಸಿ, ಬ್ರೌಸರಿನಲ್ಲಿ 192.168.1.1 ಅಥವಾ ರೌಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುವ ವಿಳಾಸವನ್ನು ಹೊಡೆದರೆ ಅದರ ಒಳಪುಟ ತೆರೆಯುತ್ತದೆ. ಅಲ್ಲಿ ಜೋಡಣೆಯಾದ ಸಾಧನಗಳ ಪಟ್ಟಿ ಸಿಗುತ್ತದೆ. ಪ್ರತಿ ಸಾಧನದ ಮುಂದೆ ಆರು ಜೋಡಿ ಅಂಕಿ-ಅಕ್ಷರಗಳ ಒಂದು ಸಾಲು ಇರುತ್ತದೆ. ಅದು ಮ್ಯಾಕ್ ವಿಳಾಸ, ಆ ಸಾಧನದ ಜಾಲಭಾಗಕ್ಕೆ ತಯಾರಕರು ಕೊಟ್ಟ ಗುರುತು. ಮೊದಲ ಮೂರು ಜೋಡಿ ತಯಾರಿಸಿದ ಕಂಪನಿಯನ್ನು ಹೇಳುತ್ತವೆ, ಹಾಗಾಗಿ ಪಟ್ಟಿಯನ್ನು ಓದಬಲ್ಲವರು ಇದು ಪ್ರಿಂಟರು, ಇದು ಕ್ಯಾಮೆರಾ ಎಂದು ಬೇರೆ ಬೇರೆ ಗುರುತಿಸುತ್ತಾರೆ. ಈಚಿನ ಮೊಬೈಲುಗಳು ಮಾತ್ರ ಮಾಲೀಕರ ಗುಟ್ಟು ಕಾಯಲು ತಾವೇ ಕಟ್ಟಿಕೊಂಡ ವಿಳಾಸ ತೋರಿಸುತ್ತವೆ. ಅದಕ್ಕೂ ಒಂದು ಗುರುತಿದೆ: ಮೊದಲ ಜೋಡಿಯ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇರುತ್ತದೆ. ಮನೆಯ ಸಾಧನಗಳನ್ನು ಒಂದೊಂದಾಗಿ ಎಣಿಸಿ, ಪಟ್ಟಿಯ ಪ್ರತಿ ಸಾಲಿಗೂ ಒಡೆಯನನ್ನು ಹುಡುಕಿ, ಉಳಿದದ್ದು ಯಾವುದೆಂದು ನೋಡುವ ಈ ತಾಳ್ಮೆಯೇ ಅರ್ಧ ಕೆಲಸ.

ಅದೇ ಪುಟದಲ್ಲಿ ಡಿಎನ್‌ಎಸ್ ಎಂಬ ಜಾಗವನ್ನೂ ನೋಡಬೇಕು. ನಾವು ತಾಣದ ಹೆಸರು ಹೊಡೆದಾಗ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ ಅದು. ಅದನ್ನು ತಿರುಚಿದರೆ ಹೆಸರು ಬ್ಯಾಂಕಿನದು, ಹೋಗುವುದು ಕಳ್ಳರ ಪುಟಕ್ಕೆ. ಡಿಎನ್‌ಎಸ್‌ಚೇಂಜರ್ ಎಂಬ ವೈರಸ್ ಮಾಡುತ್ತಿದ್ದುದು ಇದನ್ನೇ. 2011ರಲ್ಲಿ ಅಮೆರಿಕದ ಎಫ್‌ಬಿಐ ಅದರ ಜಾಲವನ್ನು ಭೇದಿಸಿತು. ರೌಟರಿನ ನಿರ್ವಾಹಕ ಪಾಸ್‌ವರ್ಡು ಕಾರ್ಖಾನೆಯಿಂದ ಬಂದಹಾಗೇ ಇದ್ದರೆ ಬದಲಿಸಬೇಕು. ಹೊರಗಿನಿಂದ ರೌಟರನ್ನು ನಿಯಂತ್ರಿಸುವ ಆಯ್ಕೆ ತೆರೆದಿದ್ದರೆ ಮುಚ್ಚಬೇಕು. ಲೈನು ಕೊಟ್ಟವರೇ ರೌಟರನ್ನು ದೂರದಿಂದ ನೋಡಿಕೊಳ್ಳುವಂತಿದ್ದರೆ ಅವರಿಗೆ ಒಂದು ಫೋನು ಮಾಡಿ, ಅವರಿಂದಲೇ ಮಾಡಿಸುವುದು ಒಳ್ಳೆಯದು. 2016ರಲ್ಲಿ ಮಿರಾಯ್ ಎಂಬ ವೈರಸ್ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ಹಿಡಿದದ್ದು ಹೀಗೆ ಬದಲಿಸದೆ ಬಿಟ್ಟ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡು ಜೋಡಿಗಳ ಪಟ್ಟಿಯೊಂದರಿಂದ.

ಮೂರನೆಯ ಹೆಜ್ಜೆ: ಒಂದೇ ಕಿಟಕಿಯ ಕೋಣೆ

ಸಂಶಯದ ಯಂತ್ರವನ್ನು ಪೂರ್ತಿ ಹೊರಗಿಟ್ಟೇ ಎಲ್ಲ ಕೆಲಸ ಮುಗಿಯುವುದಿಲ್ಲ. ತಿದ್ದುಪಡಿ ಇಳಿಸಲು, ಶುಚಿ ಮಾಡಿದ ಮೇಲೆ ಅದರ ನಡತೆ ನೋಡಲು ಸ್ವಲ್ಪ ಇಂಟರ್ನೆಟ್ಟು ಬೇಕಾಗುತ್ತದೆ. ಆಗ ಬೇಕಾಗುವುದು ಹೊರಜಗತ್ತಿಗೆ ತೆರೆದ, ಮನೆಯ ಉಳಿದ ಯಂತ್ರಗಳಿಗೆ ಮುಚ್ಚಿದ ಜಾಲ. ಈ ಕುಶಲತೆಯ ನಿಜವಾದ ಸೂಕ್ಷ್ಮ ಇರುವುದು ಇಲ್ಲಿ.

ಎಲ್ಲಕ್ಕಿಂತ ಸುಲಭದ ಸಾಧನ ಗೆಸ್ಟ್ ನೆಟ್‌ವರ್ಕ್, ಅತಿಥಿಗಳ ವೈಫೈ. ಸಾಕಷ್ಟು ಸಾಮಾನ್ಯ ರೌಟರುಗಳಲ್ಲೂ ಇದು ಇದೆ. ಬೇರೆ ಹೆಸರು, ಬೇರೆ ಪಾಸ್‌ವರ್ಡು ಕೊಟ್ಟು ಅದನ್ನು ತೆರೆದು, ಅತಿಥಿಗಳಿಗೆ ಮನೆಯ ಜಾಲ ಕಾಣುವ ಆಯ್ಕೆಯನ್ನು ಬಂದು ಮಾಡಿದರೆ, ಅದಕ್ಕೆ ಸೇರಿದ ಯಂತ್ರ ಇಂಟರ್ನೆಟ್ಟಿಗೆ ಹೋಗಬಲ್ಲದು, ಪ್ರಿಂಟರನ್ನಾಗಲಿ ಮೊಬೈಲುಗಳನ್ನಾಗಲಿ ಮುಟ್ಟಲಾರದು. ‘ಎಪಿ ಐಸೊಲೇಷನ್’ ಎಂಬ ಇನ್ನೊಂದು ಆಯ್ಕೆ ಇದ್ದರೆ ಒಂದೇ ವೈಫೈಗೆ ಸೇರಿದವೂ ಪರಸ್ಪರ ಮಾತಾಡದಂತೆ ಅದು ತಡೆಯುತ್ತದೆ.

ಮನೆಯಲ್ಲಿ ಹಳೆಯ ರೌಟರೊಂದು ಬಿದ್ದಿದ್ದರೆ ಅದರಿಂದಲೂ ಗೋಡೆ ಕಟ್ಟಬಹುದು. ಇಲ್ಲಿ ಹೆಚ್ಚಿನವರ ಎಣಿಕೆ ತಪ್ಪುವುದು ಯಾವುದನ್ನು ಎಲ್ಲಿಡಬೇಕೆಂಬುದರಲ್ಲಿ. ಮೊದಲ ರೌಟರಿಗೆ ಎರಡನೆಯದನ್ನು ಜೋಡಿಸಿ, ಎರಡನೆಯದರ ಹಿಂದೆ ಸಂಶಯದ ಯಂತ್ರ ಇಟ್ಟರೆ ಸುರಕ್ಷಿತ ಎಂದು ತೋರುತ್ತದೆ. ವಾಸ್ತವ ತದ್ವಿರುದ್ಧ. ರೌಟರು ಹೊರಗಿನಿಂದ ಒಳಕ್ಕೆ ಬರುವುದನ್ನು ತಡೆಯುತ್ತದೆ, ಒಳಗಿನಿಂದ ಹೊರಕ್ಕೆ ಹೋಗುವುದನ್ನು ಬಿಡುತ್ತದೆ. ಎರಡನೆಯ ರೌಟರಿನ ಪಾಲಿಗೆ ಮೊದಲ ರೌಟರಿನ ಜಾಲವೇ ‘ಹೊರಗು’. ಹೀಗಾಗಿ ಹಿಂದೆ ಕೂತ ರೋಗದ ಯಂತ್ರ ಮುಂದಿನ ಮನೆಯ ಯಂತ್ರಗಳನ್ನೆಲ್ಲ ಮುಟ್ಟಬಲ್ಲದು. ನಂಬಿಕೆಯ ಸಾಧನಗಳು ಒಳಗಿನ ರೌಟರಿನ ಹಿಂದೆ, ಸಂಶಯದ್ದು ಹೊರಗಿನ ರೌಟರಿನಲ್ಲಿ ಇರಬೇಕು. ಇನ್ನೂ ಭದ್ರತೆ ಬೇಕಾದವರು ಮೂರು ರೌಟರು ಬಳಸುತ್ತಾರೆ: ಮುಂದೆ ಒಂದು, ಅದರಿಂದ ಕವಲಾಗಿ ಎರಡು, ಒಂದರ ಹಿಂದೆ ಮನೆ, ಇನ್ನೊಂದರ ಹಿಂದೆ ಸಂಶಯದ ಯಂತ್ರ. ಆಗ ಎರಡೂ ಕಡೆ ಒಂದೊಂದು ಗೋಡೆ ನಿಲ್ಲುತ್ತದೆ.

ವೃತ್ತಿಯವರು ಇದೇ ಕೆಲಸವನ್ನು ಒಂದೇ ಪೆಟ್ಟಿಗೆಯೊಳಗೆ ಮಾಡುತ್ತಾರೆ. ಅದಕ್ಕೆ ವಿಎಲ್‌ಎಎನ್ ಎನ್ನುತ್ತಾರೆ. 802.1ಕ್ಯೂ ಎಂಬ ಮಾನಕದ ಪ್ರಕಾರ, ಜಾಲದಲ್ಲಿ ಹರಿಯುವ ಪ್ರತಿ ಮಾಹಿತಿ ಕಟ್ಟಿಗೂ 12 ಬಿಟ್ಟಿನ ಒಂದು ಸಂಖ್ಯೆಯ ಚೀಟಿ ಹಚ್ಚುತ್ತಾರೆ. ಅಷ್ಟರಲ್ಲಿ 4,094 ಬೇರೆ ಬೇರೆ ಜಾಲಗಳನ್ನು ಗುರುತಿಸಬಹುದು. ಒಂದೇ ತಂತಿ, ಒಂದೇ ಸ್ವಿಚ್ಚು. ಆದರೂ 10ರ ಚೀಟಿಯ ಯಂತ್ರಕ್ಕೆ 50ರ ಚೀಟಿಯ ಯಂತ್ರ ಇದೆಯೆಂಬುದೇ ತಿಳಿಯದು. ಈ ಎರಡರ ನಡುವೆ ಫೈರ್‌ವಾಲ್ ಎಂಬ ಕಾವಲಿನ ನಿಯಮಗಳನ್ನು ಬರೆಯುತ್ತಾರೆ. ಸಂಶಯದ ಕೋಣೆಯಿಂದ ಮನೆಗೆ: ಇಲ್ಲ. ಮನೆಯಿಂದ ಆ ಕೋಣೆಗೆ: ಇಲ್ಲ. ಕೋಣೆಯಿಂದ ರೌಟರಿಗೆ: ವಿಳಾಸ ಪಡೆಯಲು, ತಾಣದ ಹೆಸರು ಕೇಳಲು ಮಾತ್ರ. ಕೋಣೆಯಿಂದ ಇಂಟರ್ನೆಟ್ಟಿಗೆ: ತಿದ್ದುಪಡಿ ಸಿಗುವ ತಾಣಗಳಿಗಷ್ಟೇ. ನಾಲ್ಕೇ ಸಾಲು, ಆದರೆ ಅವುಗಳ ಕ್ರಮ ತಪ್ಪುವಂತಿಲ್ಲ. ಫೈರ್‌ವಾಲ್ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಓದುತ್ತದೆ, ಮೊದಲು ಹೊಂದಿದ ನಿಯಮವೇ ಕೊನೆಯ ಮಾತು. ‘ಎಲ್ಲಕ್ಕೂ ಬಿಡು’ ಎಂಬ ಸಾಲು ಮೇಲೆ ಕೂತರೆ ಕೆಳಗಿನ ‘ತಡೆ’ಗಳೆಲ್ಲ ವ್ಯರ್ಥ.

ಗೋಡೆ ಕಟ್ಟಿದ ಮೇಲೆ ಪರೀಕ್ಷೆ ಕಡ್ಡಾಯ. ಸಾಮಾನ್ಯ ಉಪಾಯ ಪಿಂಗ್: ಒಂದು ಯಂತ್ರ ಇನ್ನೊಂದನ್ನು ‘ಇದ್ದೀಯಾ?’ ಎಂದು ಕೂಗಿ ಉತ್ತರಕ್ಕೆ ಕಾಯುವುದು. ಆದರೆ ವಿಂಡೋಸ್ ಯಂತ್ರಗಳು ಇಂಥ ಕೂಗಿಗೆ ಉತ್ತರಿಸದಂತೆ ಮೊದಲೇ ಹೊಂದಿಸಿರುವುದುಂಟು, ಆದ್ದರಿಂದ ಉತ್ತರ ಬಾರದ್ದೇ ಗೋಡೆಗೆ ಸಾಕ್ಷಿಯಲ್ಲ. ಪಳಗಿದವರು ಮೊದಲು ಮನೆಯ ಜಾಲದಿಂದಲೇ ಪ್ರಿಂಟರಿಗೆ ಪಿಂಗ್ ಮಾಡಿ, ಅದು ಉತ್ತರಿಸುತ್ತದೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಯಾವುದಾದರೂ ಒಳ್ಳೆಯ ಮೊಬೈಲನ್ನು ಬೇರ್ಪಟ್ಟ ಜಾಲಕ್ಕೆ ಸೇರಿಸಿ ಅಲ್ಲಿಂದ ಅದೇ ಪ್ರಿಂಟರನ್ನು ಕೂಗುತ್ತಾರೆ. ಮನೆಯ ಜಾಲದಲ್ಲಿ ಉತ್ತರ ಬಂದು ಬೇರ್ಪಟ್ಟ ಜಾಲದಲ್ಲಿ ಬಾರದಿದ್ದರೆ ಗೋಡೆ ನಿಂತಿದೆ. ಸಂಶಯದ ಯಂತ್ರ ಒಳಗೆ ಬರುವುದು ಈ ಪರೀಕ್ಷೆ ಮುಗಿದ ಬಳಿಕ.

ನಾಲ್ಕನೆಯ ಹೆಜ್ಜೆ: ಶುಚಿ, ನಂತರ ಮರಳಿ ಮನೆಗೆ

ರೋಗ ಹಿಡಿದ ಯಂತ್ರವನ್ನೇ ‘ನಿನಗೆ ರೋಗವಿದೆಯೇ?’ ಎಂದು ಕೇಳಿದರೆ ಬರುವ ಉತ್ತರವನ್ನು ಪೂರ್ತಿ ನಂಬಲಾಗದು. ಆಳಕ್ಕಿಳಿದ ವೈರಸ್ ತನ್ನ ಕಡತಗಳನ್ನೇ ಮರೆಮಾಡಬಲ್ಲದು. ಅದಕ್ಕೆ ಒಂದು ಸುಂದರ ಉಪಾಯವಿದೆ. ಒಳ್ಳೆಯ ಕಂಪ್ಯೂಟರಿನಲ್ಲಿ, ಹೊಸ ಪೆನ್‌ಡ್ರೈವಿನ ಮೇಲೆ ವಿಂಡೋಸಿನ ಬದಲು ಓಡಬಲ್ಲ ಲಿನಕ್ಸ್ ವ್ಯವಸ್ಥೆಯನ್ನು ಬರೆದು, ಸಂಶಯದ ಯಂತ್ರವನ್ನು ಆ ಪೆನ್‌ಡ್ರೈವಿನಿಂದಲೇ ಚಾಲೂ ಮಾಡುತ್ತಾರೆ. ಆಗ ಯಂತ್ರದ ಸ್ವಂತ ವಿಂಡೋಸ್ ಏಳುವುದೇ ಇಲ್ಲ. ಅದರೊಂದಿಗೆ ಏಳುತ್ತಿದ್ದ ವೈರಸ್ ಕೂಡ ಓಡಲಾರದೆ, ಡಿಸ್ಕಿನ ಮೇಲೆ ಬರೀ ಬರಹವಾಗಿ ಬಿದ್ದಿರುತ್ತದೆ. ಆ ಸ್ಥಿತಿಯಲ್ಲಿ ಫೋಟೋ, ಉತಾರದ ಪ್ರತಿ, ಲೆಕ್ಕದ ಹಾಳೆಗಳನ್ನು ನಕಲು ಮಾಡಿಕೊಳ್ಳುತ್ತಾರೆ. ಓಡುವ ಪ್ರೋಗ್ರಾಮುಗಳನ್ನು ಮುಟ್ಟುವುದಿಲ್ಲ. ನಕಲು ಮಾಡಿದ ಕಡತಗಳನ್ನೂ ಬೇರೆ ಯಂತ್ರದಲ್ಲಿ ತೆರೆಯುವ ಮುಂಚೆ ಆಂಟಿವೈರಸ್ಸಿನಿಂದ ಶೋಧಿಸುತ್ತಾರೆ.

ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ 2004ರಿಂದ ಇಂಥ ಕೆಲಸ ನೋಡಿಕೊಳ್ಳುತ್ತಿದೆ. ಅದು 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಶುಚಿಗೊಳಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಆದರೂ ರೋಗ ಖಚಿತವಾದರೆ ಡಿಸ್ಕನ್ನು ಪೂರ್ತಿ ಅಳಿಸಿ, ಹೊಸದಾಗಿ ವಿಂಡೋಸ್ ಹಾಕುವುದೇ ನಂಬಿಕೆಯ ದಾರಿ. ಯಂತ್ರ ಇನ್ನೂ ವಿಂಡೋಸ್ 10ರಲ್ಲಿದ್ದರೆ ಹೊಸದಕ್ಕೆ ದಾಟಲು ಇದೇ ಹೊತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕನ್ನಡ ಟೈಪಿಂಗಿಗೆ ಬೇಕಾದ ನುಡಿ ತಂತ್ರಾಂಶವನ್ನು ಸಹ ಕೈಯಿಂದ ಕೈಗೆ ಓಡಾಡಿದ ಹಳೆಯ ಪೆನ್‌ಡ್ರೈವಿನಿಂದ ಹಾಕದೆ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು.

ಹೊಸದಾದ ಯಂತ್ರವನ್ನು ಕೂಡಲೇ ಮನೆಯ ಜಾಲಕ್ಕೆ ಕರೆದುಕೊಳ್ಳುವುದಿಲ್ಲ. ಕೆಲವು ದಿನ ಬೇರ್ಪಟ್ಟ ಜಾಲದಲ್ಲೇ ಇಟ್ಟು, ಅದು ಯಾವ ಯಾವ ತಾಣಗಳನ್ನು ಕೇಳುತ್ತದೆಂದು ರೌಟರಿನ ದಾಖಲೆಯಲ್ಲಿ ನೋಡುತ್ತಾರೆ. ಮನುಷ್ಯರು ಬಳಸುವ ಕಂಪ್ಯೂಟರಿನ ಓಡಾಟಕ್ಕೆ ಹಗಲು ರಾತ್ರಿಯ ಏರಿಳಿತ ಇರುತ್ತದೆ. ಯಾರೂ ಮುಂದೆ ಕೂಡದಿದ್ದರೂ ಗಡಿಯಾರ ಹಿಡಿದಂತೆ ಒಂದೇ ಅಂತರದಲ್ಲಿ ಗುರುತಿಲ್ಲದ ಒಂದೇ ವಿಳಾಸಕ್ಕೆ ಕರೆ ಹೋಗುತ್ತಿದ್ದರೆ, ಕಳ್ಳ ಒಡೆಯನ ಅಪ್ಪಣೆಗೆ ಕಾಯುವ ವೈರಸ್ ಇನ್ನೂ ಒಳಗಿದೆಯೆಂದು ಶಂಕಿಸಬೇಕು. ಅಂಥ ಲಕ್ಷಣ ಇಲ್ಲವೆಂದು ತಿಳಿದ ಮೇಲೆ ಹೊಸ ಪಾಸ್‌ವರ್ಡು ಕೊಟ್ಟು ಯಂತ್ರವನ್ನು ಒಳಗೆ ತೆಗೆದುಕೊಳ್ಳುತ್ತಾರೆ.

ಇಷ್ಟು ಕೆಲಸಕ್ಕೆ ಖರ್ಚಾಗುವುದು ಒಂದು ಹೊಸ ಪೆನ್‌ಡ್ರೈವು, ಉಳಿದದ್ದು ತಾಳ್ಮೆ. ಇಂಜಿನಿಯರ್ ಪದವಿಯೂ ಬೇಡ, ಕ್ರಮ ತಪ್ಪದ ಕೈ ಸಾಕು. ಜತ್ತದ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಹುಡುಗಿಯರು ಒಂದು ರಜೆಯಲ್ಲಿ ಇದನ್ನು ಕಲಿತು ತಮ್ಮ ಓಣಿಯ ನಾಲ್ಕು ಮನೆಗಳನ್ನು ಕಾಯಬಲ್ಲರು. ಓದಿದವರು ಇಂದೇ ಮೂರು ಕೆಲಸ ಮಾಡಿರಿ: ರೌಟರಿನ ನಿರ್ವಾಹಕ ಪಾಸ್‌ವರ್ಡು ಬದಲಿಸಿ ಒಂದು ಹಾಳೆಯಲ್ಲಿ ಬರೆದಿಡಿ, ಗೆಸ್ಟ್ ನೆಟ್‌ವರ್ಕನ್ನು ಸಜ್ಜು ಮಾಡಿ ಪರೀಕ್ಷಿಸಿ, ಮುಖ್ಯ ಕಡತಗಳ ಒಂದು ಪ್ರತಿಯನ್ನು ಕಂಪ್ಯೂಟರಿಗೆ ಸಿಕ್ಕಿಸದ ಡಿಸ್ಕಿನಲ್ಲಿ ತೆಗೆದಿಡಿ. ಸಂಶಯ ಬಂದ ದಿನ ಕಲಿಯಲು ಹೊತ್ತು ಸಿಗುವುದಿಲ್ಲ.